ಮೋಟ್ರು ಫೋನ್ ಮಾಡ್ತದೆ, ಹಾಡಿನ ಪೆಟ್ಟಿಗೆ ದೀಪ ಆರಿಸ್ತದೆ!

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗೋ ಬಸ್ಸಿನಲ್ಲಿ ಕೂತು ಸುಮ್ಮನೆ ಕಿವಿಗೊಟ್ಟರೆ ಸಾಕು, ಕಾಲ ಎಲ್ಲಿಗೆ ಬಂತು ಅನ್ನೋದು ತಿಳಿಯುತ್ತೆ. ಕಿಟಕಿ ಪಕ್ಕ ತೂಕಡಿಸುತ್ತಿದ್ದ ಯಜಮಾನರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತೆ. ತೆಗೆದು ಕಿವಿಗಿಟ್ಟುಕೊಳ್ತಾರೆ, ‘ಹಲೋ’ ಅನ್ನೋದಿಲ್ಲ. ಒಂದು ನಂಬರು ಒತ್ತಿ, ಮತ್ತೆ ಕೇಳಿ, ಜೇಬಿಗೆ ಹಾಕಿಕೊಳ್ತಾರೆ.

“ಯಾರಣ್ಣ ಫೋನು, ಮನೆಯಿಂದ್ಲಾ?”

“ಇಲ್ಲ ಕನಪ್ಪ, ನಮ್ ಮೋಟ್ರು. ಕರೆಂಟ್ ಬಂತು ಅಂತು. ಒಂದು ಒತ್ತಿದೆ. ಈಗ ನೀರು ಎತ್ತುತಾ ಅದೆ.”

ಅಕ್ಕಪಕ್ಕದವರು ನಗುತ್ತಾರೆ. ಆದರೆ ಯಜಮಾನರು ಹೇಳಿದ್ದು ತಮಾಷೆಯಲ್ಲ. ಜಮೀನಿನ ಸ್ಟಾರ್ಟರ್ ಪೆಟ್ಟಿಗೆ ಪಕ್ಕದಲ್ಲಿ ಸಿಮ್ ಕಾರ್ಡು ಹಾಕಿದ ಇನ್ನೊಂದು ಪೆಟ್ಟಿಗೆ ಕೂತಿದೆ. ಕರೆಂಟು ಬಂದರೆ ಹೇಳುತ್ತೆ, ಹೋದರೆ ಹೇಳುತ್ತೆ, ಹಾಕು ಅಂದರೆ ಮೋಟಾರು ಹಾಕುತ್ತೆ.

ಮೋಟಾರಿಗೆ ಆದದ್ದು ಮನೆ ದೀಪಕ್ಕೆ ಯಾಕಾಗಬಾರದು, ಅಂಗಡಿ ಫ್ಯಾನಿಗೆ ಯಾಕಾಗಬಾರದು? ಖಂಡಿತ ಆಗುತ್ತೆ. ಅದೂ ಯಾವುದರಿಂದ ಅಂದರೆ, ದಿನಾ ಹಾಡು ಹಾಕಿಕೊಂಡು ಕೇಳೋ ತಂತ್ರಾಂಶದಿಂದಲೇ ಆಗುತ್ತೆ! ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ ಅಂತ ಗಾದೆ. ಪಟ್ಟಣದ ಶ್ರೀಮಂತರ ಮನೆಗೆ ಬಂದದ್ದು ನಾಳೆ ನಮ್ಮ ಅಂಗಡಿ ಬೀದಿಗೂ ಬರುತ್ತೆ. ಬರೋ ಮೊದಲೇ ಅದರ ಗುಣ, ದೋಷ ತಿಳಿದಿರೋದು ಒಳ್ಳೆಯದು.

ಹಾಡಿನ ಪಟ್ಟಿಯಲ್ಲಿ ನಡುಮನೆ ಲೈಟು

ರಾತ್ರಿ ಅಂಗಡಿ ಬಾಗಿಲು ಹಾಕೋ ಹೊತ್ತು ನೆನೆಸಿಕೊಳ್ಳಿ. ಮೊದಲು ಹಾಡು ನಿಲ್ಲಿಸಬೇಕು. ಆಮೇಲೆ ಫ್ಯಾನು, ಆಮೇಲೆ ಒಳಗಿನ ಟ್ಯೂಬ್‌ಲೈಟು, ಕೊನೆಗೆ ಬೋರ್ಡಿನ ದೀಪ. ಷಟರ್ ಎಳೆದು ಬೀಗ ಹಾಕಿ ಬಸ್ಸು ಹತ್ತಿದ ಮೇಲೆ ನೆನಪಾಗುತ್ತೆ, ಬೋರ್ಡಿನ ದೀಪ ಆರಿಸಲೇ ಇಲ್ಲ! ಬೆಳಗಿನವರೆಗೆ ಅದು ಉರಿಯಬೇಕು, ಮೀಟರು ಓಡಬೇಕು.

ಈ ನಾಲ್ಕು ಕೆಲಸವನ್ನೂ ಹಾಡು ನಿಲ್ಲಿಸೋ ಒಂದೇ ಗುಂಡಿಗೆ ಕಟ್ಟಿಬಿಡಬಹುದು. ಹಾಡು ನಿಂತಿತೋ, ಫ್ಯಾನೂ ನಿಂತಿತು, ದೀಪಗಳೂ ಆರಿದವು.

ಇದು ಹೇಗೆ ಸಾಧ್ಯ? ಕಂಪ್ಯೂಟರಿನಲ್ಲಿ ಹಾಡು ಹಾಕೋ ತಂತ್ರಾಂಶಗಳಿಗೆ ‘ಪ್ಲಗಿನ್’ ಅಂತ ಒಂದು ತುಂಡನ್ನು ಆಮೇಲೆ ಸೇರಿಸಿಕೊಳ್ಳಬಹುದು. ಟ್ರ್ಯಾಕ್ಟರ್ ಒಂದೇ, ಹಿಂದೆ ನೇಗಿಲು ಕಟ್ಟಿದರೆ ಉಳುತ್ತೆ, ಟ್ರೈಲರ್ ಕಟ್ಟಿದರೆ ಅರಿಸಿನದ ಮೂಟೆ ಸಾಗಿಸುತ್ತೆ. ಪ್ಲಗಿನ್ನೂ ಹಾಗೇ. ಹಾಡುಗಾರರ ಪಟ್ಟಿ, ಸಿನಿಮಾಗಳ ಪಟ್ಟಿ ತೋರಿಸುತ್ತಿದ್ದ ಪರದೆ ಮೇಲೆ ಅದು ಇನ್ನೊಂದು ಪಟ್ಟಿ ಸೇರಿಸುತ್ತೆ: ನಡುಮನೆ ಲೈಟು, ಅಡಿಗೆಮನೆ ಲೈಟು, ಫ್ಯಾನು, ನೀರಿನ ಟ್ಯಾಂಕಿನ ಮೋಟಾರು. ಹಾಡು ಆರಿಸೋ ರಿಮೋಟಿನಲ್ಲೇ ಕೆಳಗಿಳಿದು ‘ನಡುಮನೆ ಲೈಟು’ ಅನ್ನೋದರ ಮೇಲೆ ನಿಂತು ಗುಂಡಿ ಒತ್ತಿದರೆ ಆಯಿತು.

ಇದಕ್ಕೆ ಹೆಸರಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಲಿಮ್ ಡಿವೈಸಸ್ ಅನ್ನೋ ಕಂಪನಿಯ ಸ್ಕ್ವೀಜ್‌ಬಾಕ್ಸ್ ಪೆಟ್ಟಿಗೆ. 2003ರಲ್ಲಿ ಬಂತು. ಮನೆಯ ಒಂದು ಮೂಲೆಯ ಕಂಪ್ಯೂಟರಿನಲ್ಲಿ ಹಾಡುಗಳಿದ್ದರೆ, ಬೇರೆ ಬೇರೆ ಕೋಣೆಯ ಪೆಟ್ಟಿಗೆಗಳು ಅದನ್ನು ತರಿಸಿಕೊಂಡು ನುಡಿಸುತ್ತಿದ್ದವು. ಅದರ ತಂತ್ರಾಂಶದ ಒಳಗುಟ್ಟನ್ನು ಎಲ್ಲರಿಗೂ ಬಿಚ್ಚಿಟ್ಟಿದ್ದರು. ಹಾಗಾಗಿ ಬಳಸುವವರೇ ತಮಗೆ ಬೇಕಾದ ಪ್ಲಗಿನ್ ಬರೆದುಕೊಂಡರು. ಹವಾಮಾನ ತೋರಿಸೋದು ಒಬ್ಬರದಾದರೆ, ಮನೆಯ ಸ್ವಿಚ್ಚಿಗೆ ಅಪ್ಪಣೆ ಕೊಡೋದು ಇನ್ನೊಬ್ಬರದು.

ಅಪ್ಪಣೆ ಹೋಗೋ ದಾರಿಯನ್ನು ಹಳೇ ಕಾಲದವರು ಸುಲಭವಾಗಿ ತಿಳಿಯಬಹುದು. ಹಿಂದೆ ಅಮಲ್ದಾರರ ಕಚೇರಿಯಿಂದ ಹೊರಟ ಹುಕುಂ ಶಾನುಭೋಗರಿಗೆ ಬರುತ್ತಿತ್ತು. ಅವರು ತಳವಾರನನ್ನು ಕರೆದು ಹೇಳುತ್ತಿದ್ದರು, ತಳವಾರ ಹೋಗಿ ಬಾಗಿಲು ತಟ್ಟುತ್ತಿದ್ದ. ಇಲ್ಲೂ ಅಷ್ಟೇ. ರಿಮೋಟು ಹಾಡಿನ ತಂತ್ರಾಂಶಕ್ಕೆ ಹೇಳುತ್ತೆ, ಪ್ಲಗಿನ್ ಆ ಮಾತನ್ನು ಮನೆಯೊಳಗಿನ ವೈಫೈ ಮೂಲಕ ಕಳಿಸುತ್ತೆ, ಗೋಡೆಯ ಬೋರ್ಡಿನ ಹಿಂದೆ ಕೂತಿರೋ ರಿಲೇ ಅನ್ನೋ ತಳವಾರ ‘ಟಕ್’ ಅಂತ ಕರೆಂಟು ಸೇರಿಸುತ್ತಾನೆ ಇಲ್ಲವೇ ಕಡಿಯುತ್ತಾನೆ.

ಯಾರಿಗೆ ಬೇಕು ಈ ಶೋಕಿ?

“ಎದ್ದು ಹೋಗಿ ಸ್ವಿಚ್ ಹಾಕಕ್ಕೂ ಸೋಮಾರಿತನವಾ?” ಅಂತ ಕೇಳೋರುಂಟು. ಕಾಲು ಗಟ್ಟಿ ಇರೋರ ಮಟ್ಟಿಗೆ ಆ ಪ್ರಶ್ನೆ ಸರಿ. ಮಂಡಿನೋವಿನ ಅಜ್ಜಿ ನಡುರಾತ್ರಿ ಎದ್ದು ಕತ್ತಲಲ್ಲಿ ಗೋಡೆ ತಡವುತ್ತಾ ಬಚ್ಚಲಿಗೆ ಹೋಗಬೇಕಾದಾಗ ಅದೇ ಪ್ರಶ್ನೆ ಕೇಳೋಕಾಗುತ್ತಾ? ಆ ವಯಸ್ಸಿನಲ್ಲಿ ಒಂದು ಸಲ ಬಿದ್ದರೆ ಹಾಸಿಗೆ ಹಿಡಿದಂತೆ. ಭಜನೆ ಕೇಳೋಕೆ ಅಂತ ಅಜ್ಜಿಗೆ ಹಾಡಿನ ಗುಂಡಿ ಹೇಗೂ ಅಭ್ಯಾಸವಾಗಿದೆ. ಅದೇ ಗುಂಡಿ ಪಕ್ಕದಲ್ಲಿ ದೀಪದ ಗುಂಡಿ ಇದ್ದರೆ ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ಬೆಳಗಿನ ಸುಪ್ರಭಾತ ಶುರುವಾಗುತ್ತಲೇ ಅಡಿಗೆಮನೆ ದೀಪ ಹತ್ತಿಕೊಳ್ಳೋ ಹಾಗೆ ಕಟ್ಟಿಡಬಹುದು. ಶೋಕಿ ಅಂದುಕೊಂಡದ್ದು ಕೆಲವರಿಗೆ ಊರುಗೋಲು.

ರೆಕಾರ್ಡ್ ಪ್ಲೇಯರಿನ ತಮ್ಮ

ಹಾಡಿಗೂ ಮನೆಯ ಸ್ವಿಚ್ಚಿಗೂ ಇರೋ ನೆಂಟಸ್ತಿಕೆ ಹೊಸದಲ್ಲ ಅನ್ನೋದೇ ಇಲ್ಲಿನ ಸ್ವಾರಸ್ಯ. ದೂರದಿಂದ ಮನೆ ದೀಪ ಆಳೋ ಮೊದಲ ದೊಡ್ಡ ಏರ್ಪಾಟು ಹುಟ್ಟಿದ್ದೇ ಒಂದು ರೆಕಾರ್ಡ್ ಪ್ಲೇಯರಿನ ಬೆನ್ನಿಗೆ.

ಇಂಗ್ಲೆಂಡಿನ ಬಿಎಸ್ಆರ್ ಕಂಪನಿ ಆ ಕಾಲಕ್ಕೆ ರೆಕಾರ್ಡ್ ಪ್ಲೇಯರುಗಳ ದೊಡ್ಡ ತಯಾರಕ. ಸ್ಕಾಟ್ಲೆಂಡಿನ ಗ್ಲೆನ್‌ರಾತಿಸ್ ಊರಿನ ಪಿಕೋ ಎಲೆಕ್ಟ್ರಾನಿಕ್ಸ್ ಅನ್ನೋ ಸಣ್ಣ ಕಂಪನಿ 1970ರ ದಶಕದ ಮಧ್ಯದಲ್ಲಿ ಅದಕ್ಕೆ ‘ಅಕ್ಯುಟ್ರ್ಯಾಕ್’ ಅನ್ನೋ ಪ್ಲೇಯರಿನ ಮಿದುಳು ಮಾಡಿಕೊಟ್ಟಿತು. ರೆಕಾರ್ಡಿನ ಹಾಡು ಹಾಡಿನ ನಡುವೆ ನುಣುಪಾದ ಜಾಗ ಇರುತ್ತಲ್ಲ, ಅದರ ಹೊಳಪನ್ನು ಬೆಳಕಿನ ಕಿರಣದಿಂದ ಗುರುತು ಹಿಡಿದು ಬೇಕಾದ ಹಾಡಿನ ಮೇಲೇ ಮುಳ್ಳು ಇಳಿಸೋ ಯಂತ್ರ ಅದು. ಕೂತ ಕಡೆಯಿಂದಲೇ ‘ಮೂರನೇ ಹಾಡು ಹಾಕು’ ಅಂತ ರಿಮೋಟಿನಲ್ಲಿ ಹೇಳಬಹುದಾಗಿತ್ತು.

ದೂರದಿಂದ ಹಾಡು ಬದಲಾಯಿಸಬಹುದಾದರೆ ದೀಪ ಯಾಕೆ ಬೇಡ ಅಂತ ಅವರಿಗೆ ಹೊಳೆಯಿತು. 1975ರಲ್ಲಿ ಆ ಕೆಲಸ ಕೈಗೆತ್ತಿಕೊಂಡರು. ಕಂಪನಿಯ ಹತ್ತನೇ ಯೋಜನೆ ಅಂತ ಅದಕ್ಕೆ ‘ಎಕ್ಸ್-10’ ಅಂತಲೇ ಹೆಸರಾಯಿತು. 1978ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು.

ಅದರ ಜಾಣತನ ಏನೆಂದರೆ ಹೊಸ ವೈರು ಎಳೆಯೋ ಹಾಗೇ ಇಲ್ಲ. ಮನೆಯಲ್ಲಿರೋ ಕರೆಂಟಿನ ವೈರಿನಲ್ಲೇ ಅಪ್ಪಣೆ ಓಡಾಡುತ್ತಿತ್ತು. ಕರೆಂಟು ಸೆಕೆಂಡಿಗೆ ಎಷ್ಟೋ ಸಲ ಏರಿಳಿಯುತ್ತೆ. ಏರಿಳಿತದ ನಡುವೆ ಅದು ಸೊನ್ನೆಗೆ ಬರೋ ಗಳಿಗೆಯಲ್ಲಿ ಸಣ್ಣದೊಂದು ಸಂಕೇತವನ್ನು ಸೇರಿಸಿ ಕಳಿಸುತ್ತಿದ್ದರು. ಮನೆಗೊಂದು ಗುರುತು, ದೀಪಕ್ಕೊಂದು ನಂಬರು. ಹದಿನಾರು ಗುರುತು, ಒಂದೊಂದಕ್ಕೂ ಹದಿನಾರು ನಂಬರು, ಒಟ್ಟು 256 ದೀಪಗಳ ಲೆಕ್ಕ. ಕಂಪ್ಯೂಟರಿನಲ್ಲಿ ಹಾಡು ಕೇಳೋ ಕಾಲ ಬಂದಾಗ ಹಾಡಿನ ತಂತ್ರಾಂಶಗಳಿಂದಲೂ ಇದೇ ಎಕ್ಸ್-10ಗೆ ಅಪ್ಪಣೆ ಕೊಟ್ಟವರಿದ್ದರು. ಅಣ್ಣನ ಕಡೆಯಿಂದ ತಮ್ಮನಿಗೆ ಮಾತು ಹೋಯಿತು ಅಂತಲೇ ಹೇಳಬೇಕು.

ತಿರುಗಿ ಬಾರದ ತಳವಾರ

ಆದರೆ ಎಕ್ಸ್-10ಗೆ ಒಂದು ದೊಡ್ಡ ಕುಂದಿತ್ತು. ಅಪ್ಪಣೆ ಹೊತ್ತು ಹೋದ ತಳವಾರ ತಿರುಗಿ ಬಂದು ‘ಆಯಿತು ಬುದ್ಧಿ’ ಅಂತ ಹೇಳುತ್ತಿರಲಿಲ್ಲ! ಮೊದಮೊದಲ ಉಪಕರಣಗಳು ಕೇಳಿಸಿಕೊಳ್ಳುತ್ತಿದ್ದವೇ ಹೊರತು ಉತ್ತರ ಕೊಡುತ್ತಿರಲಿಲ್ಲ. ಗುಂಡಿ ಒತ್ತಿದವರು ದೀಪ ಹತ್ತಿತು ಅಂತ ನಂಬಬೇಕು, ಅಷ್ಟೇ. ಮನೆಯ ಯಾವುದೋ ಯಂತ್ರದ ಗದ್ದಲಕ್ಕೆ ಸಂಕೇತ ಕೆಟ್ಟುಹೋಗುತ್ತಿತ್ತು. ಒಂದು ಫೇಸಿನಲ್ಲಿ ಕೊಟ್ಟ ಅಪ್ಪಣೆ ಇನ್ನೊಂದು ಫೇಸಿನ ದೀಪಕ್ಕೆ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯವರೂ ಅದೇ ಗುರುತು ಇಟ್ಟುಕೊಂಡಿದ್ದರೆ ಇವರು ಒತ್ತಿದ ಗುಂಡಿಗೆ ಅವರ ಮನೆ ದೀಪ ಹತ್ತೋ ಪ್ರಸಂಗವೂ ಇತ್ತು.

ಎದುರಿಗೇ ಇರೋ ದೀಪವಾದರೆ ಕಣ್ಣಿಗೆ ಕಾಣುತ್ತೆ, ಇನ್ನೊಂದು ಸಲ ಒತ್ತಿದರಾಯಿತು. ಕಣ್ಣಿಗೆ ಕಾಣದ ಕಡೆ ಇರೋ ಹೀಟರು, ಮೋಟಾರುಗಳ ಗತಿ? ‘ಆಫ್ ಮಾಡಿದೆ’ ಅಂದುಕೊಂಡು ಬಸ್ಸು ಹತ್ತಿದವರ ಮನೆಯಲ್ಲಿ ಹೀಟರು ಕಾಯುತ್ತಲೇ ಇದ್ದರೆ? ಹೇಳೋಕೆ ಒಂದು ಬಾಯಿ ಇದ್ದರೆ ಸಾಲದು, ನಡೆಯಿತೋ ಇಲ್ಲವೋ ಅಂತ ತಿರುಗಿ ಹೇಳೋಕೂ ಒಂದು ಬಾಯಿ ಬೇಕು. ಹೊಸ ಕಾಲದ ಸ್ವಿಚ್ಚುಗಳಲ್ಲಿ ಈ ಉತ್ತರ ಕೊಡೋ ಗುಣ ಬಂದಿದೆ. ತಂತ್ರಾಂಶದ ಪಟ್ಟಿಯಲ್ಲಿ ‘ಲೈಟು ಹತ್ತಿದೆ’ ಅಂತ ತೋರಿಸಿದರೆ ಅದು ಬೋರ್ಡಿನ ಹಿಂದಿನ ರಿಲೇಯಿಂದ ಬಂದ ಸುದ್ದಿ. ಆದರೆ ಅಲ್ಲೂ ಒಂದು ಮಾತಿದೆ. ರಿಲೇ ಸೇರಿತು ಅಂತ ಅದಕ್ಕೆ ಗೊತ್ತು, ಬಲ್ಬು ಸುಟ್ಟುಹೋಗಿದ್ದರೆ ಅದಕ್ಕೆ ಗೊತ್ತಾಗೋದಿಲ್ಲ. ಎಷ್ಟು ಕರೆಂಟು ಹರಿಯುತ್ತಿದೆ ಅಂತ ಅಳೆಯೋ ಸ್ವಿಚ್ಚಾದರೆ ಅದೂ ಗೊತ್ತಾಗುತ್ತೆ.

ಕಂಪನಿಯವರು ಬಾಗಿಲು ಹಾಕಿದರೆ?

ವ್ಯಾಪಾರಸ್ಥರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ಕೆಲವು ಸ್ವಿಚ್ಚುಗಳು ಮನೆಯೊಳಗೇ ಮಾತಾಡಿಕೊಳ್ಳುತ್ತವೆ. ಇನ್ನು ಕೆಲವು ಹಾಗಲ್ಲ. ಚಾಮರಾಜನಗರದ ಅಂಗಡಿಯಲ್ಲಿ ಗುಂಡಿ ಒತ್ತಿದರೆ ಆ ಮಾತು ಇಂಟರ್‌ನೆಟ್ಟಿನಲ್ಲಿ ಯಾವುದೋ ದೂರದ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಅಪ್ಪಣೆಯಾಗಿ ಅದೇ ಅಂಗಡಿಯ ದೀಪಕ್ಕೆ ವಾಪಸು ಬರಬೇಕು. ಎದುರು ಮನೆಗೆ ಹೋಗೋಕೆ ಮೈಸೂರು ಸುತ್ತಿ ಬಂದ ಹಾಗೆ.

ಆ ಕಂಪನಿ ಮುಚ್ಚಿಹೋದರೆ? 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಅನ್ನೋ ಸಂಸ್ಥೆಯ ಕಂಪ್ಯೂಟರುಗಳು ಮುನ್ಸೂಚನೆ ಇಲ್ಲದೇ ನಿಂತುಹೋದವು. ದುಡ್ಡು ಕೊಟ್ಟು ಹಾಕಿಸಿಕೊಂಡವರು ಬೆಳಗ್ಗೆ ಎದ್ದು ಫೋನು ಒತ್ತಿದರೆ ದೀಪ ಮಾತು ಕೇಳಲಿಲ್ಲ. ಕೆಲವು ತಿಂಗಳಾದ ಮೇಲೆ ಬಳಸುವವರಲ್ಲೇ ಕೆಲವರು ಸೇರಿ ಅದನ್ನು ಕೊಂಡು ನಡೆಸಬೇಕಾಯಿತು.

ಹಾಡಿನ ಪೆಟ್ಟಿಗೆಯ ಕಥೆಯೂ ಇಂಥದ್ದೇ, ಆದರೆ ಕೊನೆ ಬೇರೆ. ಸ್ಕ್ವೀಜ್‌ಬಾಕ್ಸನ್ನು 2006ರಲ್ಲಿ ಲಾಜಿಟೆಕ್ ಕಂಪನಿ ಕೊಂಡಿತು, 2012ರಲ್ಲಿ ತಯಾರಿಕೆ ನಿಲ್ಲಿಸಿತು, ಅದಕ್ಕೆ ಸೇರಿದ ಇಂಟರ್‌ನೆಟ್ ಸೇವೆ 2024ರಲ್ಲಿ ಮುಚ್ಚಿತು. ಹಾಗಾದರೂ ಹಾಡು ನಿಲ್ಲಲಿಲ್ಲ! ಯಾಕೆಂದರೆ ಅಸಲಿ ತಂತ್ರಾಂಶ ಬಳಸುವವರ ಮನೆಯ ಕಂಪ್ಯೂಟರಿನಲ್ಲೇ ಇತ್ತು, ಒಳಗುಟ್ಟು ಎಲ್ಲರ ಕೈಲಿತ್ತು. ‘ಲಿರಿಯನ್ ಮ್ಯೂಸಿಕ್ ಸರ್ವರ್’ ಅನ್ನೋ ಹೊಸ ಹೆಸರಿನಲ್ಲಿ ಆಸಕ್ತರೇ ಅದನ್ನು ನಡೆಸಿಕೊಂಡು ಬಂದರು. 2013ರಲ್ಲಿ ಶುರುವಾದ ‘ಹೋಮ್ ಅಸಿಸ್ಟೆಂಟ್’ ಅನ್ನೋ ಪುಕ್ಕಟೆ ತಂತ್ರಾಂಶವೂ ಇದೇ ಜಾತಿಯದ್ದು. ಅಂಗೈಯಗಲದ ಕಂಪ್ಯೂಟರ್ ಬೋರ್ಡಿನಲ್ಲಿ ಕೂತು ಹಾಡಿನ ಪೆಟ್ಟಿಗೆಗೂ ಸ್ವಿಚ್ಚಿಗೂ ನಡುವೆ ಮಾತುಕತೆ ನಡೆಸುತ್ತೆ. ಇಂಟರ್‌ನೆಟ್ ಹೋದರೂ ಮನೆಯೊಳಗಿನ ಕೆಲಸ ನಡೆಯುತ್ತೆ. ಬೀಗದ ಕೈ ಯಾರ ಮನೆಯಲ್ಲಿದೆ ಅನ್ನೋದರ ಮೇಲೆ ಬೀಗದ ಬೆಲೆ.

ಕರೆಂಟು ಹೋಗಿ ಬಂದಾಗ

“ಕರೆಂಟು ಯಾವಾಗ ಹೋಯ್ತದೋ ಯಾವಾಗ ಬತ್ತದೋ ದ್ಯಾವ್ರಿಗೇ ಗೊತ್ತು” ಅನ್ನೋ ಕಡೆ ಈ ಏರ್ಪಾಟಿಗೆ ಇನ್ನೊಂದು ಪರೀಕ್ಷೆ. ಗೋಡೆಯ ಸಾದಾ ಸ್ವಿಚ್ಚು ಎಲ್ಲಿ ಬಿಟ್ಟಿದ್ದೇವೋ ಅಲ್ಲೇ ಇರುತ್ತೆ. ರಿಲೇ ಸ್ವಿಚ್ಚು ಹಾಗಲ್ಲ, ಕರೆಂಟು ವಾಪಸು ಬಂದಾಗ ಏನು ಮಾಡಬೇಕು ಅಂತ ಅದಕ್ಕೆ ಮೊದಲೇ ಹೇಳಿಟ್ಟಿರಬೇಕು. ಆರಿರು, ಹತ್ತಿಕೋ, ಮೊದಲು ಹೇಗಿದ್ದೆಯೋ ಹಾಗಿರು, ಇವು ಮೂರು ದಾರಿ. ‘ಹತ್ತಿಕೋ’ ಅಂತ ಇಟ್ಟು ಮರೆತರೆ ನಡುರಾತ್ರಿ ಕರೆಂಟು ಬಂದಾಗ ಬೀಗ ಹಾಕಿದ ಅಂಗಡಿಯಲ್ಲಿ ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ದೀಪವಾದರೆ ಬಿಲ್ಲು ಬರುತ್ತೆ. ಇಸ್ತ್ರಿಪೆಟ್ಟಿಗೆಯೋ ಹೀಟರೋ ಆದರೆ ಬೆಂಕಿಯೇ ಬರಬಹುದು. ಕಾಯಿಸೋ ಯಂತ್ರಗಳನ್ನು ‘ಆರಿರು’ ಅಂತಲೇ ಇಡಬೇಕು.

ದೀಪ, ಫ್ಯಾನಿಗೆ ಸಾಕಾಗೋ ಸಣ್ಣ ರಿಲೇಗೆ ಗೀಸರು, ಮೋಟಾರು ಸೇರಿಸಿದರೆ ಅದು ಸುಟ್ಟುಹೋಗುತ್ತೆ. ದೊಡ್ಡ ಯಂತ್ರಕ್ಕೆ ದೊಡ್ಡ ಕಾಂಟ್ಯಾಕ್ಟರ್ ಬೇಕು. ರಿಲೇ ತಾನು ಬದುಕಿರೋಕೇ ಬೋರ್ಡಿನಲ್ಲಿ ನ್ಯೂಟ್ರಲ್ ವೈರು ಬೇಕು. ಪ್ಲಗ್ಗು ಇರೋ ಬೋರ್ಡಿನಲ್ಲಿ ಅದು ಇರುತ್ತೆ, ಬರೀ ಸ್ವಿಚ್ಚಿನ ಬೋರ್ಡಾದರೆ ಎಳೆಯಬೇಕಾಗಬಹುದು. ಇದು ಲೈಸೆನ್ಸ್ ಇರೋ ವೈರ್‌ಮನ್ ಮಾಡೋ ಕೆಲಸ, ವೀಡಿಯೋ ನೋಡಿಕೊಂಡು ಹುಡುಗರು ಮಾಡೋದಲ್ಲ.

ಕತ್ತಲ ಪಾಳಿಯ ನೀರು

ಈಗ ಬಸ್ಸಿನ ಯಜಮಾನರ ಮೋಟಾರಿಗೆ ಬನ್ನಿ. ಪೇಟೆಯವರಿಗೆ ಸೌಕರ್ಯವಾದದ್ದು ಗುಂಡ್ಲುಪೇಟೆ ಕಡೆಯ ರೈತರಿಗೆ ಜೀವದ ಪ್ರಶ್ನೆ. ಪಂಪ್‌ಸೆಟ್ಟಿನ ಮೂರು ಫೇಸ್ ಕರೆಂಟು ಪಾಳಿಯ ಮೇಲೆ ಬರೋದು. ರಾತ್ರಿ ಪಾಳಿ ಬಿತ್ತು ಅಂದರೆ ಬ್ಯಾಟರಿ ಹಿಡಿದು ಜಮೀನಿಗೆ ನಡೆಯಬೇಕು. ಬಂಡೀಪುರದ ಕಾಡಂಚಿನ ಊರುಗಳಲ್ಲಿ ಆ ಹೊತ್ತಿನಲ್ಲಿ ಆನೆ, ಚಿರತೆ, ಕಾಡುಹಂದಿ ಓಡಾಡುತ್ತವೆ. ಪ್ರಾಣಿಗಳಿಗೆ ತೊಂದರೆ ಅಂತ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡಬಾರದು ಅಂತ 2009ರಲ್ಲಿ ನಿರ್ಬಂಧ ಬಂತು. ಲಾರಿಯೇ ಹೋಗದ ಹೊತ್ತಿನಲ್ಲಿ ಕಾಡಿನ ಪಕ್ಕದ ಜಮೀನಿಗೆ ಮನುಷ್ಯ ಬರಿಗಾಲಲ್ಲಿ ಹೋಗಬೇಕು!

ಇದಕ್ಕೆ ಮೊದಲು ಕಂಡುಕೊಂಡ ಉಪಾಯ ಆಟೋ ಸ್ವಿಚ್. ಕರೆಂಟು ಬಂದ ತಕ್ಷಣ ಮೋಟಾರು ತಾನೇ ಎದ್ದುಕೊಳ್ಳುತ್ತೆ. ಆದರೆ ಇದಕ್ಕೆ ಕಣ್ಣಿಲ್ಲ. ಊರಿನ ಮೋಟಾರೆಲ್ಲಾ ಒಂದೇ ಗಳಿಗೆಯಲ್ಲಿ ಎದ್ದರೆ ಟಿ.ಸಿ. ಮೇಲೆ ಭಾರ ಬಿದ್ದು ಸುಡುತ್ತೆ. ಮಳೆ ಸುರಿಯುತ್ತಿದ್ದರೂ ನೀರು ಹರಿಯುತ್ತಲೇ ಇರುತ್ತೆ. ಬೋರಿನಲ್ಲಿ ನೀರು ಇಲ್ಲದೇ ಹೋದರೆ ಒಣ ಓಡಿ ಮೋಟಾರು ಸುಟ್ಟುಹೋಗುತ್ತೆ. 2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ ಇರಬಹುದು, ಸುಟ್ಟ ಮೋಟಾರಿನ ಕಾಯಿಲ್ ಕಟ್ಟಿಸೋದು ಉಚಿತವಲ್ಲ.

ಫೋನಿನ ದಾರಿ ಹುಡುಕಿದವರಲ್ಲಿ ಪುಣೆಯ ಇಂಜಿನಿಯರ್ ಸಂತೋಷ್ ಓಸ್ತವಾಲ್ ಹೆಸರು ದೊಡ್ಡದು. ರಾತ್ರಿ ಹೊತ್ತು ಪಂಪಿನವರೆಗೆ ನಡೆಯುತ್ತಿದ್ದ ತಮ್ಮ ತಾತನ ಕಷ್ಟ ಕಂಡು ಅವರು ಮಾಡಿದ ‘ನ್ಯಾನೋ ಗಣೇಶ್’ ಉಪಕರಣಕ್ಕೆ 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಆಮೇಲೆ ಇಂಥ ಪೆಟ್ಟಿಗೆ ಮಾಡೋರು ಹಲವರಾದರು.

ಇಲ್ಲೂ ಹಾಡಿನ ನೆಂಟಸ್ತಿಕೆ ಬಿಟ್ಟಿಲ್ಲ ನೋಡಿ. ಕರೆ ನಡೆಯುತ್ತಿರುವಾಗ ಫೋನಿನ ನಂಬರು ಒತ್ತಿದರೆ ‘ಪೀಂ’ ಅಂತ ಕೇಳುತ್ತಲ್ಲ, ಅದು ಒಂದು ಸ್ವರವಲ್ಲ, ಜೊತೆಯಾಗಿ ನುಡಿಯೋ ಎರಡು ಸ್ವರ. ಒಂದು ಒತ್ತಿದರೆ ಸೆಕೆಂಡಿಗೆ 697 ಸಲ ಮತ್ತು 1209 ಸಲ ಕಂಪಿಸೋ ಸ್ವರಗಳು. ಐದು ಒತ್ತಿದರೆ 770 ಮತ್ತು 1336. ಜಮೀನಿನ ಪೆಟ್ಟಿಗೆ ಆ ಜೋಡಿ ಸ್ವರ ಕೇಳಿಯೇ ಯಾವ ನಂಬರು ಅಂತ ಗುರುತು ಹಿಡಿಯುತ್ತೆ. ಅಲ್ಲಿಗೆ ಗುಂಡ್ಲುಪೇಟೆ ಮೋಟಾರೂ ಎರಡು ಸ್ವರ ಕೇಳಿಯೇ ಏಳೋದು ಅಂತಾಯಿತು.

ಮುಖ್ಯವಾದದ್ದು ಅದರ ಉತ್ತರ. ಒಳ್ಳೆಯ ಪೆಟ್ಟಿಗೆ ಮೋಟಾರು ಎಳೆಯುತ್ತಿರೋ ಕರೆಂಟನ್ನು ಅಳೆಯುತ್ತೆ. ನೀರು ಇಲ್ಲದಿದ್ದರೆ ಎಳೆತ ಕಡಿಮೆಯಾಗುತ್ತೆ, ಆಗ ತಾನೇ ನಿಲ್ಲಿಸಿ ಸುದ್ದಿ ಕಳಿಸುತ್ತೆ. ಒಂದು ಫೇಸ್ ಹೋದರೂ ನಿಲ್ಲಿಸುತ್ತೆ. ಪೇಟೆಯ ಶೋಕಿಗಾರರು ಹಾಡಿನ ಗುಂಡಿಯಲ್ಲಿ ದೀಪ ಹಚ್ಚಿ ಮೆರೆಯೋ ಮೊದಲು, ತಿರುಗಿ ಬಂದು ಹೇಳೋ ತಳವಾರನ ಬೆಲೆ ಏನು ಅಂತ ರೈತರಿಂದ ಕಲಿಯಬೇಕು.

ಕೊಳ್ಳೋ ಮುಂಚೆ ನಾಲ್ಕು ಮಾತು

ಹಾಡಿನ ಪೆಟ್ಟಿಗೆಯಾಗಲಿ, ಫೋನಾಗಲಿ, ಮಾರೋಕೆ ಬಂದವರನ್ನು ನಾಲ್ಕು ಪ್ರಶ್ನೆ ಕೇಳಬೇಕು. ಇಂಟರ್‌ನೆಟ್ ಇಲ್ಲದಾಗ ಕೆಲಸ ಮಾಡುತ್ತಾ? ಕರೆಂಟು ಹೋಗಿ ಬಂದಾಗ ಯಾವ ಸ್ಥಿತಿಗೆ ಬರುತ್ತೆ? ಹೇಳಿದ್ದು ನಡೆಯಿತು ಅಂತ ತಿರುಗಿ ಹೇಳುತ್ತಾ? ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಇದೆಲ್ಲಾ ಕೆಟ್ಟು ಕೂತ ದಿನ ಗೋಡೆಯ ಹಳೇ ಸ್ವಿಚ್ಚಿನಿಂದ ದೀಪ ಹತ್ತುತ್ತಾ?

ಕೈಯ ಸ್ವಿಚ್ಚು ಕಿತ್ತುಹಾಕಿ ಇದನ್ನು ಕೂರಿಸ್ತೀವಿ ಅಂದವರನ್ನು ಬಾಗಿಲಿಂದಲೇ ಕಳಿಸಬಹುದು. ಸ್ವಿಚ್ಚೂ ಇರಲಿ, ಹಾಡೂ ಇರಲಿ. ಅಜ್ಜಿಗೆ ಹಾಡಿನ ಗುಂಡಿ, ಮೊಮ್ಮಗನಿಗೆ ಗೋಡೆಯ ಸ್ವಿಚ್ಚು.

ಅಷ್ಟರಲ್ಲಿ ಬಸ್ಸು ಗುಂಡ್ಲುಪೇಟೆ ಸ್ಟ್ಯಾಂಡಿಗೆ ಬಂದಿರುತ್ತೆ. ಇಳಿಯೋ ಗಡಿಬಿಡಿಯಲ್ಲಿ ಯಜಮಾನರ ಜೇಬು ಇನ್ನೊಂದು ಸಲ ಬಡಿದುಕೊಳ್ಳುತ್ತೆ.

“ಮತ್ತೇನಂತಣ್ಣ ಮೋಟ್ರು?”

“ನೀರು ಕಮ್ಮಿ ಆಯ್ತು, ಆಫ್ ಮಾಡ್ಕಂಡೆ ಅಂತದೆ. ಹೇಳಿದ್ ಮಾತು ಕೇಳಿ ತಿರುಗಿ ಜವಾಬು ಕೊಡೋದು ನಮ್ ಮನೇಲಿ ಇದೊಂದೇ ಕನಪ್ಪ!”